ಎರವಲು ತೊಡೆ

ನೋಡಿ, ಮೊದ್ಲೇ ಹೇಳ್ಬಿಡ್ತೀನಿ. ಈ ಕಥೆನ ನನ್ನಷ್ಟು ಚೆನ್ನಾಗಿ ಹೇಳೋನು ಮೈಸೂರಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ಅವನಿನ್ನೂ ತೊಟ್ಟಿಲಲ್ಲಿ ಬೆರಳು ಚೀಪ್ತಾ ಇರ್ತಾನೆ. ನೀವು ರೋಬೋಟ್ ಕಥೆ ಕೇಳಿರ್ತೀರ, ಮಂಗಳಗ್ರಹದ ಕಥೆ ಕೇಳಿರ್ತೀರ. ಊರಿನ ಆ ಕಡೆ ಒಬ್ಬ ಗಂಡಸಿನ ತೊಡೆ ಬಿಗಿದ್ರೆ ಊರಿನ ಈ ಕಡೆ ಒಬ್ಬ ಹೆಂಗಸಿನ ತೊಡೆ ಬಿಗಿಯೋ ಕಥೆ ಕೇಳಿದ್ದೀರಾ? ಇಲ್ಲ ತಾನೆ? ಹಂಗಾದ್ರೆ ಫೋನ್ ಸೈಲೆಂಟಿಗೆ ಹಾಕಿ, ಮುಂದಿನ ಸೀಟಿನ ಮೇಲಿಟ್ಟಿರೋ ಕಾಲು ತೆಗೀರಿ. ಫೈಟ್ ಇದೆ, ಸೆಂಟಿಮೆಂಟ್ ಇದೆ, ಕ್ಲೈಮ್ಯಾಕ್ಸಿಗೆ ಕರ್ಚೀಫ್ ಬೇಕಾಗುತ್ತೆ. ಅಳು ಬರ್ಲಿಲ್ಲ ಅಂದ್ರೆ ಟಿಕೆಟ್ ದುಡ್ಡು ವಾಪಸ್. ಟಿಕೆಟ್ಟೇ ತಗೊಂಡಿಲ್ವಲ್ಲ ಅಂತೀರಾ? ಅದೇ ನನ್ನ ಧೈರ್ಯ.

ಪೋಸ್ಟರಲ್ಲಿ ದೊಡ್ಡದಾಗಿ ಇರೋ ಮುಖ ಪೈಲ್ವಾನ್ ದೊಡ್ಡಮಾದಯ್ಯನವರದು. ನಮ್ಮ ಬೀದಿ ಗರಡಿಯ ಉಸ್ತಾದ್. ಅರವತ್ತೆಂಟಾದ್ರೂ ಪಂಚೆ ಎತ್ತಿ ತೊಡೆ ತಟ್ಟಿದ್ರೆ ಎದುರು ಮನೆ ಕಿಟಕಿ ಗಾಜು ಅಲ್ಲಾಡುತ್ತೆ. ಆದ್ರೆ ಕಥೆ ಅವರದಲ್ಲ, ಅವರ ಹೆಂಡ್ತಿ ನಿಂಗಾಜಮ್ಮಂದು. ಎದುರಿಗೆ ಸಿಕ್ಕಾಗ ನಾನು ಅಜ್ಜಿ, ನೀವು ಅಂತಲೇ ಮಾತಾಡಿಸ್ತೀನಿ. ಕಥೇಲಿ ಮಾತ್ರ ಅವಳು ಇವಳು ಅಂತ ಬರುತ್ತೆ, ತಪ್ಪು ತಿಳ್ಕೋಬೇಡಿ.

ಪೈಲ್ವಾನ್ರು ದಿನಾ ಬೆಳಿಗ್ಗೆ ಭಸ್ಕಿ ಹೊಡೆದೂ ಹೊಡೆದೂ ಅವರ ಮಂಡಿ ಎಣ್ಣೆ ಹಾಕಿದ ಬಾಗಿಲ ಹಾಗಿದೆ. ನಿಂಗಾಜಮ್ಮ ಜೀವನದಲ್ಲಿ ಒಂದೂ ಭಸ್ಕಿ ಹೊಡೆದೋಳಲ್ಲ. ಗರಡಿ ಹುಡುಗರಿಗೆಲ್ಲ ಕುಕ್ಕರುಗಾಲಲ್ಲಿ ಕೂತು ಬಾದಾಮಿ ಅರೆದಳು, ಹಾಲಿನ ಕ್ಯಾನ್ ಎತ್ತಿಳಿಸಿದಳು, ಕೆಮ್ಮಣ್ಣು ಮೆತ್ತಿದ ಲಂಗೋಟಿ ಒಗೆದಳು. ಮಂಡಿ ಸವೆದದ್ದು ಅವಳದು. ಅದಕ್ಕೆ ಯಾರೂ ಗದೆ ಕೊಡ್ಲಿಲ್ಲ, ಹಾರ ಹಾಕ್ಲಿಲ್ಲ.

ಬಲಗಾಲಿನ ಮಂಡಿ ಬದಲಾಯಿಸಿದ್ರು. ಎಕ್ಸ್-ರೇಲಿ ಹೊಸ ಬೈಕಿನ ಇಂಜಿನ್ ಥರ ಫಳಫಳ ಹೊಳೀತಿತ್ತು. ಆದ್ರೆ ಕಾಲು ಏಳ್ತಿರ್ಲಿಲ್ಲ.

"ಅಜ್ಜಿ, ಕಾಲು ನೆಟ್ಟಗೆ ಮೇಲೆತ್ತಿ" ಅಂದ್ರು ಡಾಕ್ಟರ್ ಫರ್ಹಾನಾ. ಆಪರೇಷನ್ ಆದ ಕಾಲುಗಳಿಗೆ ಮತ್ತೆ ನಡೆಯೋದು ಕಲಿಸೋದೇ ಅವರ ಕೆಲಸ.

"ಎತ್ತುತಾ ಇದ್ದೀನಲ್ಲಮ್ಮ."

ಕಾಲು ಹಾಸಿಗೆ ಮೇಲೆ ಬೇರೆ ಯಾರದೋ ಸಾಮಾನು ಇಟ್ಟ ಹಾಗೆ ಬಿದ್ದಿತ್ತು. ನಿಂಗಾಜಮ್ಮ ಹಲ್ಲು ಕಚ್ಚಿದಳು, ಬೆವೆತಳು. ಬೆರಳು ಅಲ್ಲಾಡಿತೇ ಹೊರತು ತೊಡೆ ಕೇಳಿಸಿಕೊಳ್ಳಲೇ ಇಲ್ಲ.

"ನಿಮ್ಮ ಮಂಡಿ ಚೆನ್ನಾಗಿದೆ ಅಜ್ಜಿ. ತೊಡೆಗೆ ನಂಬಿಕೆ ಬಂದಿಲ್ಲ ಅಷ್ಟೆ" ಅಂತ ಫರ್ಹಾನಾ ಪಕ್ಕದಲ್ಲಿ ಕೂತ್ರು. "ಮಂಡಿ ಕುಯ್ದು ಊದಿಕೊಂಡಾಗ ಅಲ್ಲಿಂದ ಬೆನ್ನುಹುರಿಗೆ ಸುದ್ದಿ ಹೋಗುತ್ತೆ, ಇಲ್ಲಿ ಅನಾಹುತ ಆಗಿದೆ ಅಂತ. ಬೆನ್ನುಹುರಿ ತಕ್ಷಣ ತೊಡೆ ಮುಂದಿನ ಸ್ನಾಯುಗೆ ಕರ್ಫ್ಯೂ ಹಾಕಿಬಿಡುತ್ತೆ. ಯಾರೂ ಆಚೆ ಬರಬೇಡಿ ಅಂತ. ಹಿಂದಿನ ಸ್ನಾಯು ಗಾಬರಿಲಿ ಬಿಗಿದ್ಕೊಂಡು ಕೂರುತ್ತೆ. ಗಾಯ ಮಾಯುತ್ತೆ, ಕರ್ಫ್ಯೂ ಮಾತ್ರ ಬೇಗ ಹೋಗಲ್ಲ. ಕೆಲಸ ಇಲ್ಲದ ಸ್ನಾಯು ಕರಗೋಕೆ ಶುರುವಾಗುತ್ತೆ."

"ಹಂಗಾದ್ರೆ ಎಬ್ಬಿಸೋದು ಯಾರು?"

"ಅದಕ್ಕೇ ಜೋಡಿಬಲೆ."

ಈಗ ಸೈನ್ಸ್ ಬರುತ್ತೆ, ಹೆದರಬೇಡಿ, ಹಾಡು ಬರೋಷ್ಟರಲ್ಲಿ ಮುಗಿದುಹೋಗುತ್ತೆ. ಕೂದಲಿಗಿಂತ ಸಣ್ಣ ತಂತಿಗಳ ಒಂದು ಬಲೆ. ಅದನ್ನ ರೋಗಿಯ ತೊಡೆಯ ಸ್ನಾಯು ಮೇಲೆ ಹೊದಿಸಿ ಹೊಲಿದುಬಿಡ್ತಾರೆ. ಇನ್ನೊಬ್ಬರು ಅದೇ ಕಡೆ ತೊಡೆಗೆ ಒಂದು ಬೆಲ್ಟ್ ಕಟ್ಕೋತಾರೆ. ಬೆಲ್ಟ್ ಕಟ್ಟಿದೋರ ತೊಡೆ ಬಿಗಿದ್ರೆ ಆ ಸುದ್ದಿ ಗಾಳೀಲಿ ಬಂದು ಬಲೆಗೆ ಮುಟ್ಟುತ್ತೆ. ಬಲೆ ಬೆನ್ನುಹುರಿಯ ಮಾತು ಕೇಳದೆ ಸ್ನಾಯುನ ನೇರವಾಗಿ ಬಿಗಿಸುತ್ತೆ. ಸಡಿಲಾದ್ರೆ ಸಡಿಲ. ಒಟ್ನಲ್ಲಿ ಎರವಲು ತೊಡೆ. ಕೆಲವು ವಾರ ಹಾಗೆ ಎಬ್ಬಿಸ್ತಾ ಎಬ್ಬಿಸ್ತಾ ಹೋದ್ರೆ ಮಲಗಿರೋ ಸ್ನಾಯು ನಾಚಿಕೆಗೆ ಬಿದ್ದು ತಾನೇ ಏಳುತ್ತೆ ಅನ್ನೋದು ಲೆಕ್ಕಾಚಾರ.

"ದಿನಾ ಜೊತೆಗಿರೋರ ತೊಡೆ ಆಗ್ಬೇಕು. ಗಟ್ಟಿ ಇರ್ಬೇಕು" ಅಂದ್ರು ಫರ್ಹಾನಾ.

ಎಂಟ್ರಿ! ಪೈಲ್ವಾನ್ರು ಬಾಗಿಲಲ್ಲೇ ಪಂಚೆ ಎತ್ತಿ ಕಟ್ಟಿ ಬಲದೊಡೆ ಪಟ್ ಅಂತ ತಟ್ಟಿದ್ರು. ಪಕ್ಕದ ಮಂಚದ ರೋಗಿ ಎದ್ದು ಕೂತ.

"ಈ ತೊಡೆ ಇರೋವರ್ಗೂ ಅವಳ ಕಾಲು ಬಗ್ಗಲ್ಲ ಡಾಕ್ಟ್ರೇ!"

"ಸರ್, ಬಗ್ಗಬೇಕು. ಬಗ್ಗಲಿ ಅಂತಲೇ ಆಪರೇಷನ್ ಮಾಡಿರೋದು."

ಆಸ್ಪತ್ರೆಯ ನೆಲಮಾಳಿಗೇಲಿ ಲ್ಯಾಬು. ಗೋಡೆ ಮೇಲೆ ದೊಡ್ಡ ಪರದೆ, ಅದರಲ್ಲಿ ಎರಡು ಗೆರೆ. ಕೆಂಪು ಅವರದು, ನೀಲಿ ಇವಳದು. ಕೆಂಪು ಗೆರೆ ಸಮುದ್ರದ ಅಲೆ ಥರ ಎದ್ದೆದ್ದು ಬೀಳ್ತಿತ್ತು. ನೀಲಿ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು.

"ಬಿಗೀರಿ ಸರ್, ಮೆತ್ತಗೆ."

ಪೈಲ್ವಾನ್ರು ಬಿಗಿದ್ರು. ನಿಂಗಾಜಮ್ಮನ ಕಾಲು ಹಾಸಿಗೆ ಬಿಟ್ಟು ಎದ್ದೇ ಬಿಡ್ತು.

"ಅಯ್ಯೋ ಶಿವನೆ!" ಅಂದಳು ಅವಳು. "ಬಾಗಿಲು ತಟ್ಟದೆ ಯಾರೋ ಒಳಗೆ ಬಂದ ಹಾಗಾಯ್ತು."

"ಯಾರೋ ಅಲ್ಲ ಕಣೆ, ನಾನೇ" ಅಂದ್ರು ಪೈಲ್ವಾನ್ರು, ಮೀಸೆ ಮೇಲೆ ಕೈ.

"ಅದೇ ಹೇಳಿದ್ದು."

ಮನೆಗೆ ಬಂದ ಮೇಲೆ ಶುರುವಾಯ್ತು ನಿಜವಾದ ಪಿಕ್ಚರ್. ಮದುವೆಯಾದಾಗಿನಿಂದ ಪೈಲ್ವಾನ್ರು ಬೀದೀಲಿ ಹೆಂಡ್ತಿಗಿಂತ ಹತ್ತು ಮಾರು ಮುಂದೆ ನಡೆದೋರು. ಅವಳು ನೋಡಿದ್ದೆಲ್ಲ ಅವರ ಬೆನ್ನು. ಈಗ ಅವರು ಹೆಜ್ಜೆ ಎತ್ತಿದ್ರೆ ಇವಳ ಹೆಜ್ಜೆ, ಇಟ್ಟರೆ ಇವಳದೂ ಇಟ್ಟ ಹಾಗೆ. ಪಕ್ಕದಲ್ಲೇ ನಡೀಬೇಕು, ನಿಧಾನಕ್ಕೆ ನಡೀಬೇಕು. ಹಾಲಿನ ಬೂತಿಗೆ ಹೋಗಿ ಬರೋಷ್ಟರಲ್ಲಿ ಬೀದಿ ಹುಡುಗರೆಲ್ಲ ಶಿಳ್ಳೆ. ನಾನೂ ಹೊಡೆದೆ, ಸುಳ್ಳು ಯಾಕೆ ಹೇಳ್ಲಿ. ಪೈಲ್ವಾನ್ರು ಉದ್ದಕ್ಕೂ ಕರೆಂಟ್ ಕಂಬಗಳನ್ನೇ ನೋಡ್ಕೊಂಡು ನಡೆದ್ರು. ನಿಂಗಾಜಮ್ಮ ಮಾತ್ರ ಪಕ್ಕಕ್ಕೆ ತಿರುಗಿ ತಿರುಗಿ ಅವರ ಮುಖ ನೋಡಿದಳು. ಗಂಡನ ಬಲಕಿವಿ ಮೇಲೆ ಒಂದು ಮಚ್ಚೆ ಇದೆ ಅನ್ನೋದು ಅವಳಿಗೆ ಗೊತ್ತಾಗಿದ್ದು ಆವತ್ತೇ.

ಇನ್ನೊಂದು ವಿಷಯನೂ ಗೊತ್ತಾಯ್ತು, ಇದು ಫರ್ಹಾನಾಗೂ ಗೊತ್ತಿರ್ಲಿಲ್ಲ. ತೊಡೆ ಮಾತಾಡುತ್ತೆ. ಪೈಲ್ವಾನ್ರು ಯೋಚಿಸದೆ ಎದ್ರೆ ಇವಳ ತೊಡೆಗೆ ಧಡಕ್ ಅಂತ ಒಂದೇ ಏಟಿಗೆ ಬರುತ್ತೆ. ಏಳೋಣ್ವಾ ಬೇಡ್ವಾ ಅಂತ ಒಳಗೊಳಗೇ ತೂಗಿದ್ರೆ ಮೊದಲು ಬಿಗಿಯುತ್ತೆ, ಆಮೇಲೆ ಚರ್ಮದೊಳಗೆ ಜೇನುಹುಳ ಬಿಟ್ಟ ಹಾಗೆ ಸಣ್ಣಗೆ ನಡುಗುತ್ತೆ. ನಡುಗಿದ ಮೇಲೆ ಏನು ಮಾಡಬೇಕೋ ಅದನ್ನ ಮಾಡುತ್ತೆ.

ಒಂದು ಸಂಜೆ ಪೈಲ್ವಾನ್ರು ಟೀ ಅಂಗಡಿಯಿಂದ ಬಂದ್ರು. ಬೆಲ್ಟ್ ಇನ್ನೂ ಕಟ್ಟೇ ಇತ್ತು. ನಿಂಗಾಜಮ್ಮ ಕುರ್ಚೀಲಿ ಕೂತು ಬೆಳ್ಳುಳ್ಳಿ ಬಿಡಿಸ್ತಾ ಕೇಳಿದಳು, "ಅಲ್ಲಿ ಯಾರ ಮೇಲೋ ಜಗಳಕ್ಕೆ ಏಳೋಕೆ ಹೋಗಿ ಮತ್ತೆ ಕೂತ್ಕೊಂಡ್ರಿ. ಯಾರದು?"

ಪೈಲ್ವಾನ್ರ ಕೈಲಿದ್ದ ಚೀಲ ಕೆಳಗೆ ಬಿತ್ತು.

"ಯಾರೇ ಹೇಳಿದ್ದು ನಿಂಗೆ?"

"ನಿಮ್ಮ ತೊಡೆ."

"ಆ ಜವರಪ್ಪ. ಕೆಳಗಿನ ಗರಡಿಯೋನು. 'ಏನು ಉಸ್ತಾದ್ರೆ, ಹೆಂಡ್ತಿಗೆ ಕಾಲಾಗಿದ್ದೀರಂತೆ' ಅಂದ."

"ನೀವೇನಂದ್ರಿ?"

"ಬೆಲ್ಟು ನನ್ನ ನೋವಿಗೆ ಕಟ್ಟಿರೋದು ಅಂದೆ."

ನಿಂಗಾಜಮ್ಮ ಬೆಳ್ಳುಳ್ಳಿ ಬಿಡಿಸೋದು ನಿಲ್ಲಿಸ್ಲಿಲ್ಲ. "ನಿಮಗೆ ನೋವಿದೆ ಅಂದ್ರೂ ಪರವಾಗಿಲ್ಲ, ನನ್ನ ಹೆಸರು ಬೇಡ. ಅಲ್ವಾ?"

ಪೈಲ್ವಾನ್ರು ಬಗ್ಗಿ ಚೀಲ ಎತ್ಕೊಂಡು ಒಳಗೆ ಹೋದ್ರು.

ಈಗ ಅವಳ ಆಸೆ ಹೇಳ್ತೀನಿ, ಯಾಕಂದ್ರೆ ಎಲ್ಲಾ ಅದರ ಮೇಲೆ ನಿಂತಿದೆ. ಅವರ ಹಿತ್ತಲ ಗೋಡೆಗೆ ಅಂಟಿಕೊಂಡೇ ಪದ್ಮಾಂಬ ಟಾಕೀಸ್. ಗರಡಿ ಮನೆಯೋರು ಸಿನಿಮಾ ನೋಡಬಾರದು, ಮನಸ್ಸು ಕೆಡುತ್ತೆ ಅಂತ ಪೈಲ್ವಾನ್ರ ಕಾನೂನು. ಅವಳು ಒಂದೇ ಒಂದು ಸಲನೂ ಒಳಗೆ ಹೋಗಿಲ್ಲ. ಆದ್ರೆ ಪಾತ್ರೆ ತಿಕ್ತಾ ದಿನಕ್ಕೆ ನಾಲ್ಕು ಶೋ ಕೇಳಿದ್ದಾಳೆ, ಗೋಡೆಯಾಚೆಯಿಂದ. ನನಗೆ ಡೈಲಾಗ್ ಬರುತ್ತೆ ಅಂತ ಬೀದೀಲಿ ಮೆರೀತೀನಲ್ಲ, ನಿಂಗಾಜಮ್ಮನ ಮುಂದೆ ನಾನು ಎಲ್‌ಕೆಜಿ. ವಿಲನ್ ನಗು, ತಾಯಿ ಅಳು, ಕೋರ್ಟಿನ ಭಾಷಣ ಎಲ್ಲಾ ಬಾಯಿಪಾಠ. ಯಾರ ಮುಖನೂ ಗೊತ್ತಿಲ್ಲ. ದಸರಾ ಮುಗೀತಿದ್ದ ಹಾಗೆ ಟಾಕೀಸ್ ಒಡೆದು ಮಾಲ್ ಕಟ್ತಾರೆ ಅಂತ ಬೋರ್ಡು ಬಿತ್ತು. ಅಷ್ಟರೊಳಗೆ ಬಾಲ್ಕನಿ ಮೆಟ್ಟಿಲು ಹತ್ತಬೇಕು, ಒಬ್ಬಳೇ ಹತ್ತಬೇಕು, ಮುಂದಿನ ಸಾಲಲ್ಲಿ ಕೂತು ಆ ದನಿಗಳಿಗೆಲ್ಲ ಮುಖ ನೋಡಬೇಕು. ಮಂಡಿ ಆಪರೇಷನ್ನಿಗೆ ಅವಳು ಹೂಂ ಅಂದಿದ್ದೇ ಅದಕ್ಕೆ. ಆಮೇಲೆ ಗರಡಿ ಬಾದಾಮಿ, ಹಾಲು, ಲಂಗೋಟಿ ಎಲ್ಲಾ ಯಾರು ಬೇಕಾದ್ರೂ ನೋಡ್ಕೊಳ್ಳಿ.

ಲ್ಯಾಬಲ್ಲಿ ಫರ್ಹಾನಾ ವಾರವಾರ ಎರವಲು ಬಲ ಕಮ್ಮಿ ಮಾಡ್ತಾ ಬಂದ್ರು. ಒಂದು ದಿನ ಕೆಂಪು ಗೆರೆ ಪೂರ್ತಿ ಆರಿಸಿಬಿಟ್ರು. ನೀಲಿ ಗೆರೆ ಮಲಗ್ತು. ಆಮೇಲೆ ಅದರ ನಡುಮಧ್ಯೆ ಒಂದು ಚಿಕ್ಕ ಗುಡ್ಡ ಎದ್ದಿತು.

"ಅಜ್ಜಿ, ನೋಡಿ. ಇದು ನಿಮ್ದೇ."

"ನಂದಾ?"

"ನಿಮ್ದೇ."

"ಅವರದು ಏನೂ ಸೇರಿಲ್ವಾ?"

"ಇಲ್ಲ ಅಜ್ಜಿ."

ನಿಂಗಾಜಮ್ಮ ಪರದೆ ಹತ್ರ ಹೋಗಿ ಆ ಗುಡ್ಡನ ಬೆರಳಲ್ಲಿ ಮುಟ್ಟಿ ನೋಡಿದಳು. ಪರದೆ ಮೇಲೆ ಬೆರಳಿನ ಅಚ್ಚು ಬಿತ್ತು. ಫರ್ಹಾನಾ ಅದನ್ನ ಒರೆಸಲಿಲ್ಲ.

ಉಳಿದದ್ದು ಕೊನೆ ಹಂತ. ಪೈಲ್ವಾನ್ರು ಇನ್ನು ಹೆಜ್ಜೆ ಹಾಕೋ ಹಾಗಿಲ್ಲ. ಸುಮ್ನೆ ನೆಟ್ಟಗೆ ನಿಂತ್ಕೊಂಡ್ರೆ ಸಾಕು. ಅವರ ತೊಡೆಯ ಆ ಸಣ್ಣ ಬಿಗಿ ತಂಬೂರಿ ಶ್ರುತಿ ಇದ್ದ ಹಾಗೆ. ಅದರ ಮೇಲೆ ಹಾಡು ಇವಳದೇ.

"ಸರ್, ಎರಡು ಮಾತು" ಅಂದ್ರು ಫರ್ಹಾನಾ. "ಬೆಲ್ಟ್ ಬಿಚ್ಚಬೇಕು ಅನ್ಸಿದ್ರೆ ಈ ಗುಂಡಿ ಒತ್ತಿ. ಹತ್ತು ಸೆಕೆಂಡಲ್ಲಿ ಮೆಲ್ಲಗೆ ಆರುತ್ತೆ, ಅಜ್ಜಿಗೆ ತೊಡೆ ಜುಮ್ ಅನ್ನುತ್ತೆ, ಅವರು ಎಲ್ಲಾದ್ರೂ ಹಿಡ್ಕೋತಾರೆ. ಎರಡನೇದು, ತೊಡೆ ಮಾತ್ರ ತಟ್ಟಬೇಡಿ. ಆ ಹೊಡೆತನ ಬೆಲ್ಟು ಪೂರ್ತಿ ಬಲ ಅಂತ ತಪ್ಪಾಗಿ ಓದುತ್ತೆ. ಅದನ್ನ ಸರಿ ಮಾಡ್ತಾ ಇದ್ದೀವಿ, ಇನ್ನೂ ಆಗಿಲ್ಲ. ಅಜ್ಜಿ ಮೆಟ್ಟಿಲ ಮೇಲಿದ್ರೆ ಮಂಡಿಗೆ ಏನೂ ಆಗಲ್ಲ, ಅದು ಲೋಹ. ಆದ್ರೆ ಸ್ನಾಯುನ ಮಂಡಿಚಿಪ್ಪಿಗೆ ಕಟ್ಟಿರೋ ಪಟ್ಟಿ ಹರಿದುಹೋಗುತ್ತೆ. ಅದು ಮತ್ತೆ ಸರಿಯಾಗಿ ಕೂಡಲ್ಲ."

"ಚಿಕ್ಕ ಹುಡುಗನಿಗೆ ಹೇಳಿದ ಹಾಗೆ ಹೇಳ್ತೀರಲ್ಲಮ್ಮ" ಅಂದ್ರು ಪೈಲ್ವಾನ್ರು.

ದಸರಾ ಕುಸ್ತಿಯ ಕೊನೇ ದಿನ. ಟಾಕೀಸಿನ ಕೊನೇ ವಾರ. ಬೆಳಿಗ್ಗೆ ನಿಂಗಾಜಮ್ಮ ಹೇಳಿದಳು, "ಸಂಜೆ ಶೋಗೆ ನಾನು ಬಾಲ್ಕನಿ ಹತ್ತೀನಿ. ಹತ್ತೋ ಮುಂಚೆ ಫೋನ್ ಮಾಡ್ತೀನಿ. ಎಲ್ಲಿದ್ರೂ ನೆಟ್ಟಗೆ ನಿಂತಿರಿ. ಅಷ್ಟೇ ಕೇಳೋದು."

"ಹೋಗೇ, ಹತ್ತು. ನಾನು ಕಂಬ."

ಸಂಜೆ ಅಖಾಡದಲ್ಲಿ ಜನವೋ ಜನ. ಪೈಲ್ವಾನ್ರು ಪೇಟ ಸುತ್ತಿ ಕೆಮ್ಮಣ್ಣಿನ ಅಂಚಲ್ಲಿ ನಿಂತಿದ್ರು. ಫೋನ್ ಬಂತು.

"ಹತ್ತುತಾ ಇದ್ದೀನಿ."

"ಹೂಂ. ನಿಂತಿದ್ದೀನಿ."

ಪದ್ಮಾಂಬ ಟಾಕೀಸಿನ ಮೆಟ್ಟಿಲು ಅರಮನೆ ಥರ ಅಗಲ, ನಡುವೆ ಒಂದು ತಿರುವು. ನಿಂಗಾಜಮ್ಮ ಎಡಗೈಲಿ ಕಟಕಟೆ ಹಿಡಿದು ಬಲಗಾಲು ಎತ್ತಿಟ್ಟಳು. ತೊಡೆ ಬಿಗೀತು. ಅವಳದೇ ಬಿಗಿ, ಅದರಡಿ ದೂರದಲ್ಲೆಲ್ಲೋ ಅವರ ಶ್ರುತಿ. ಇನ್ನೊಂದು ಮೆಟ್ಟಿಲು. ಒಳಗಿನಿಂದ ಜಾಹೀರಾತಿನ ಸಂಗೀತ ಬಂತು. ಗೋಡೆಯಾಚೆಯಿಂದ ಕೇಳ್ತಿದ್ದ ಹಾಗೆ ಮಂಕಾಗಿ ಅಲ್ಲ, ಎದೆಗೆ ಬಂದು ಬಡಿಯೋ ಹಾಗೆ. ತಿರುವು ದಾಟಿದಳು. ಕೈ ಬಿಟ್ಟಳು. ಕಟಕಟೆ ಹಿಡೀದೆ ನಡೆದಳು!

ಅಲ್ಲಿ ಅಖಾಡದಲ್ಲಿ ಜವರಪ್ಪನ ಶಿಷ್ಯ ಗೆದ್ದ. ಜವರಪ್ಪ ಕಣಕ್ಕೆ ಇಳಿದು ನೇರ ಪೈಲ್ವಾನ್ರ ಮುಂದೆ ಬಂದು ಬಲದೊಡೆ ತಟ್ಟಿದ. ಎದುರು ಗರಡಿಯೋನು ತೊಡೆ ತಟ್ಟಿದ್ರೆ ತಿರುಗಿ ತಟ್ಟಬೇಕು, ಇಲ್ದಿದ್ರೆ ಆ ಗರಡಿ ಸೋತ ಹಾಗೆ. ಇದು ಅಪ್ಪ ತಾತನ ಕಾಲದ ಕಟ್ಟಳೆ. ಡೊಳ್ಳು ಬಡೀತಿದೆ, ಜನ ಕೂಗ್ತಿದ್ದಾರೆ, ರಕ್ತ ಕುದೀತಿದೆ. ಆ ಗದ್ದಲದಲ್ಲಿ ಪೈಲ್ವಾನ್ರಿಗೆ ಎಲ್ಲಾ ಮರೆತುಹೋಯ್ತು. ಫೋನ್ ಮರೆತುಹೋಯ್ತು, ಬೆಲ್ಟ್ ಮರೆತುಹೋಯ್ತು. ಕೈ ತಾನಾಗಿ ಎದ್ದಿತು.

ಪಟ್!

ಕೊನೇ ಮೆಟ್ಟಿಲಲ್ಲಿ ನಿಂಗಾಜಮ್ಮ ಬಿದ್ದಳು.

ಈಗ ಬಿಜಿಎಂ, ಹಿನ್ನೆಲೇಲಿ ಪಿಟೀಲು. ಪೈಲ್ವಾನ್ರಿಗೆ ಆ ಕ್ಷಣವೇ ನೆನಪಾಯ್ತು. "ನಿಂಗಾಜಾ!" ಅಂತ ಕೂಗಿದ ಕೂಗಿಗೆ ಡೊಳ್ಳು ನಿಂತುಹೋಯ್ತು. ಮೈಯೆಲ್ಲ ಕೆಮ್ಮಣ್ಣು, ಪೇಟ ಎಲ್ಲೋ, ಬರಿಗಾಲಲ್ಲಿ ರಸ್ತೆ ಉದ್ದಕ್ಕೂ ಓಡಿದ್ರು. ಟಾಕೀಸ್ ಮೆಟ್ಟಿಲನ್ನ ಮೂರು ಮೂರಾಗಿ ಹತ್ತಿ ಅವಳನ್ನ ಎರಡೂ ಕೈಲಿ ಎತ್ತಿಕೊಂಡ್ರು. "ನನ್ನ ತೊಡೆ ಕುಯ್ದು ನಿಂಗೆ ಕೊಡ್ತೀನಿ ಕಣೆ" ಅಂತ ಅತ್ರು. ಅವಳು ಅವರ ಕಣ್ಣೀರು ಒರೆಸಿ, "ಮರೆತದ್ದು ತಾನೆ, ಬಿಡಿ" ಅಂದಳು. ಅಲ್ಲಿದ್ದೋರೆಲ್ಲ ಅತ್ತರು. ಶುಭಂ. ನಮ್ಮ ಬೀದೀಲಿ ಈಗಲೂ ಇದನ್ನ ಹೀಗೇ ಹೇಳ್ತಾರೆ. ನಾನೂ ಎಷ್ಟು ಜನಕ್ಕೆ ಹೇಳಿದ್ದೀನೋ, ಎಲ್ಲರೂ ಕರ್ಚೀಫ್ ತೆಗೆದಿದ್ದಾರೆ.

ನೀವು ಇನ್ನೂ ಎದ್ದಿಲ್ಲ. ಸರಿ, ಹಾಗಾದ್ರೆ ನಿಜ ಕೇಳಿ.

ಅವನು ಓಡಿ ಬರಲಿಲ್ಲ. ಅವಳನ್ನ ಕೆಳಗಿಳಿಸಿದ್ದು ಗೇಟಿನೋರು, ಒಂದು ಮರದ ಕುರ್ಚೀಲಿ ಕೂರಿಸಿ. ಮಾದಯ್ಯ ಆಸ್ಪತ್ರೆಗೆ ಬಂದದ್ದು ಕುಸ್ತಿ ಮುಗಿದು, ಹಿರಿಯ ಉಸ್ತಾದ್ ಅಂತ ಸನ್ಮಾನದ ಶಾಲು ಹೊದಿಸಿಕೊಂಡು, ಅವರು ಕೊಟ್ಟ ಬೆಳ್ಳಿ ಗದೆ ಕೈಲಿ ಹಿಡ್ಕೊಂಡು.

ಅದೂ ಹೋಗ್ಲಿ. ಅವನು ಮರೆತಿರಲಿಲ್ಲ.

ಆ ಸಿನಿಮಾದ ಕಥೆ ಹೇಳೋಕೆ ಅಂತ ನಾನು ಆಮೇಲೆ ನಿಂಗಾಜಮ್ಮನ ಹತ್ರ ಹೋಗ್ತಿದ್ದೆ. ಅವರು ನೋಡೋಕಾಗದ ಸಿನಿಮಾ ಅದು. ಒಂದು ದಿನ ನಾನು ಕ್ಲೈಮ್ಯಾಕ್ಸ್ ಹೇಳಿ ಮುಗಿಸಿದ ಮೇಲೆ ಅವರು ತಮ್ಮದನ್ನ ಹೇಳಿದ್ರು, ಕಿಟಕಿ ಕಡೆ ನೋಡ್ಕೊಂಡು. ಕೊನೇ ಮೆಟ್ಟಿಲ ಮೇಲೆ ಬಲಗಾಲು ಇಟ್ಟಿದ್ದಾರೆ. ಬಾಲ್ಕನಿ ಬಾಗಿಲಿನ ಪರದೆ ಸ್ವಲ್ಪ ಸರಿದು ಒಳಗಿನ ಬೆಳಕು ಕಾಣ್ತಿದೆ. ಆಗ ತೊಡೆ ಬಿಗೀತು. ಬಿಗಿದು ನಿಂತು ನಡುಗೋಕೆ ಶುರುವಾಯ್ತು. ಜೇನುಹುಳ. ತುಂಬಾ ಹೊತ್ತು ನಡುಗಿತು, ಟೀ ಅಂಗಡಿ ದಿನಕ್ಕಿಂತ ಜಾಸ್ತಿ. ಗುಂಡಿ ಒತ್ತೋಕೆ ಸಾಕಾಗೋ ಅಷ್ಟು ಹೊತ್ತು. ಬೆಲ್ಟ್ ಇಲ್ಲದ ಎಡದೊಡೆ ತಟ್ಟೋಣ ಅನ್ಕೊಳ್ಳೋಷ್ಟು ಹೊತ್ತು. ಮರೆತೋನ ತೊಡೆ ನಡುಗಲ್ಲ. ಮರೆತೋನದು ಧಡಕ್ ಅಂತ ಬರುತ್ತೆ.

"ಗುಂಡಿ ಒತ್ತುತಾರೆ ಅಂದ್ಕೊಂಡೆ ಕಣಪ್ಪ" ಅಂದ್ರು. "ತೊಡೆ ಜುಮ್ ಅನ್ನಲಿ ಅಂತ ಕಾದೆ. ಕಟಕಟೆ ಹಿಡ್ಕೋಬಹುದಿತ್ತು. ಅವರನ್ನ ನಂಬಿ ಕಾದೆ."

ಪಟ್ಟಿ ಹರೀತು. ಹೊಲಿದ್ರು. ಕಾಲು ಇನ್ನು ನೆಟ್ಟಗಾಗಲ್ಲ. ಮಂಡಿ ಮಾತ್ರ ಎಕ್ಸ್-ರೇಲಿ ಈಗಲೂ ಫಳಫಳ.

ಆವತ್ತು ಮಾದಯ್ಯ ಮಂಚದ ಪಕ್ಕ ಗದೆ ಒರಗಿಸಿ, "ಗದ್ದಲದಲ್ಲಿ ಮರ್ತೇ ಹೋಯ್ತು ಕಣೆ" ಅಂದನಂತೆ. ನಿಂಗಾಜಮ್ಮ "ಹೂಂ, ಮರ್ತೋಯ್ತು ಬಿಡಿ" ಅಂದ್ರಂತೆ. ಬೀದಿಗೆ ಆ ಕಥೆ ಕೊಟ್ಟಿದ್ದೂ ಅವರೇ. ಯಾಕಜ್ಜಿ ಅಂತ ಕೇಳಿದೆ. ಗಂಡ ಮರೆತ ಅಂದ್ರೆ ಜನ ಅಯ್ಯೋ ಪಾಪ ಅಂತ ಹೋಗ್ತಾರೆ, ನೆನಪಿಟ್ಟುಕೊಂಡೇ ಮಾಡಿದ ಅಂದ್ರೆ ದಿನಾ ಬಂದು ಬಂದು ಕೇಳ್ತಾರೆ ಅಂದ್ರು.

ಹೊಲಿಗೆ ಹಾಕುವಾಗಲೇ ಬಲೆ ತೆಗೆಸಿಬಿಟ್ರು ಅವರು. "ನಮ್ಮನೆಯೋರಿಗೆ ಹೇಳಬೇಡಿ" ಅಂತ ಫರ್ಹಾನಾ ಕೈ ಹಿಡ್ಕೊಂಡು ಮಾತು ತಗೊಂಡಿದ್ದಾರೆ.

ಈಗ ಟಾಕೀಸ್ ಇಲ್ಲ, ಹಿತ್ತಲಾಚೆ ಬರೀ ಮಾಲಿಗೆ ತೋಡಿದ ಹಳ್ಳ. ಸಂಜೆಯಾದ್ರೆ ಮಾದಯ್ಯ ಬೆಲ್ಟ್ ಕಟ್ಕೊಂಡು ಪಡಸಾಲೇಲಿ ನೆಟ್ಟಗೆ ನಿಲ್ತಾನೆ. ಗರಡಿಗೆ ಹೋಗಲ್ಲ, ಕೂರಲ್ಲ, ಗೋಡೆಗೆ ಒರಗಲ್ಲ. ನಿಂಗಾಜಮ್ಮ ಒಳಗೆ ಕುರ್ಚೀಲಿ ಕೂತು, ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು, ತಮ್ಮದೇ ತೊಡೆನ ಬಿಗಿದು ಬಿಡ್ತಾ ಇರ್ತಾರೆ.

ಹೊರಗಿನಿಂದ ಅವನು ಕೇಳ್ತಾನೆ, "ಬರ್ತಾ ಇದ್ಯೇನೆ?"

"ಬರ್ತಾ ಇದೆ" ಅಂತಾರೆ ನಿಂಗಾಜಮ್ಮ. "ಅಲ್ಲಾಡಬೇಡಿ. ನೆಟ್ಟಗೆ ನಿಂತ್ಕೊಳ್ಳಿ."